ಮಿತ್ರದೇಶದ ಬೇಹುಗಾರನಿಗೆ ಅವಧಿಗೆ ಮುನ್ನ ಬಿಡುಗಡೆ: ಅರ್ಹತೆ ತೂಗುವುದು, ಅರ್ಜಿ ಬರೆಯುವುದು ಹೇಗೆ

ಜೊನಾಥನ್ ಪೊಲಾರ್ಡ್ ಅಮೆರಿಕದ ನೌಕಾಪಡೆಯಲ್ಲಿ ಗುಪ್ತಚರ ವಿಶ್ಲೇಷಕನಾಗಿದ್ದ. ಇಸ್ರೇಲಿಗೆ ರಹಸ್ಯ ಕಾಗದಪತ್ರ ದಾಟಿಸುತ್ತಿದ್ದವನು 1985ರ ನವೆಂಬರ್ 21ರಂದು ಆಶ್ರಯ ಕೇಳಿಕೊಂಡು ವಾಷಿಂಗ್ಟನ್ನಿನ ಇಸ್ರೇಲಿ ರಾಯಭಾರ ಕಚೇರಿಗೆ ಹೋದ. ಒಳಗಿನವರು ಹೊರಗೆ ಕಳಿಸಿದರು, ಗೇಟಿನಾಚೆ ಎಫ್‌ಬಿಐ ಹಿಡಿಯಿತು. 1987ರ ಮಾರ್ಚ್ 4ರಂದು ಜೀವಾವಧಿ ಶಿಕ್ಷೆಯಾಯಿತು. ಹೊರಬಂದದ್ದು 2015ರ ನವೆಂಬರ್ 20ರಂದು. ಅವನನ್ನು ಬೇಗ ಬಿಡಬೇಕಿತ್ತೇ ಎಂಬ ವಾದ ಆ 30 ವರ್ಷವೂ ನಡೆಯಿತು. ಹೆಚ್ಚಿನವರು 'ಮಿತ್ರದೇಶ' ಎಂಬ ಪದದಿಂದಲೇ ವಾದ ಶುರುಮಾಡಿದರು. ಒಂದು ಕಡೆಯವರಿಗೆ ಆ ಪದ ರಿಯಾಯಿತಿಗೆ ಕಾರಣ, ಇನ್ನೊಂದು ಕಡೆಯವರಿಗೆ ನಂಬಿಕೆದ್ರೋಹದ ಗುರುತು. ಕಡತವನ್ನು ಆ ಪದದಿಂದ ತೆರೆದರೆ ಯಾವ ಉತ್ತರವೂ ಸಿಗುವುದಿಲ್ಲ.

ಇಂಥ ಪ್ರಕರಣದಲ್ಲಿ ಶಿಕ್ಷೆ ಇಳಿಕೆಯ ಅರ್ಜಿ ಬರೆಯುವವರು, ಅದನ್ನು ವಿರೋಧಿಸಿ ಪತ್ರ ಬರೆಯುವವರು, ಸಂಪಾದಕೀಯ ಬರೆಯುವವರು, ಕಾನೂನು ಕಾಲೇಜಿನಲ್ಲಿ ಇದನ್ನೇ ವಾದಕ್ಕೆ ಎತ್ತಿಕೊಂಡವರು ಯಾವುದನ್ನು ಮೊದಲು ನೋಡಬೇಕು, ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಎಂಬುದು ಈ ಬರಹದ ವಿಷಯ. ನಿಯಮಗಳೆಲ್ಲ ಅಮೆರಿಕದ ಫೆಡರಲ್ ಕಾನೂನಿನವು. ಉದಾಹರಣೆಗೆ ಪೊಲಾರ್ಡ್ ಕಡತವನ್ನೇ ಇಟ್ಟುಕೊಂಡಿದ್ದೇವೆ. ಮಿತ್ರದೇಶದ ಬೇಹುಗಾರರ ಪ್ರಕರಣಗಳಲ್ಲಿ ಇಷ್ಟು ಕಾಲ, ಇಷ್ಟು ಹಂತ ಕಂಡದ್ದು ಇದೊಂದೇ.

ಮೊದಲು ದಿನಾಂಕ ನೋಡಿ

ಫೆಡರಲ್ ವ್ಯವಸ್ಥೆಯಲ್ಲಿ ಅವಧಿಗೆ ಮುನ್ನ ಬಿಡುಗಡೆಗೆ ಹಲವು ಬಾಗಿಲುಗಳಿವೆ. ಯಾವುದು ತೆರೆದಿದೆ ಎಂಬುದನ್ನು ಅಪರಾಧ ನಡೆದ ದಿನಾಂಕ ನಿರ್ಧರಿಸುತ್ತದೆ. ಶಿಕ್ಷೆ ಘೋಷಣೆಯಾದ ದಿನಾಂಕ ಹಿಡಿದು ಲೆಕ್ಕ ಹಾಕುವವರು ಇಲ್ಲಿಯೇ ಎಡವುತ್ತಾರೆ. ಗಡಿ ರೇಖೆ 1987ರ ನವೆಂಬರ್ 1. ಅದಕ್ಕೂ ಮುಂಚೆ ನಡೆದ ಅಪರಾಧಕ್ಕೆ ಹಳೆಯ ಪೆರೋಲ್ ಕಾನೂನು ಅನ್ವಯಿಸುತ್ತದೆ. ಅಂದು ಅಥವಾ ನಂತರ ನಡೆದ ಅಪರಾಧಕ್ಕೆ ಫೆಡರಲ್ ಪೆರೋಲ್ ಇಲ್ಲವೇ ಇಲ್ಲ.

ನಮ್ಮ ಪತ್ರಿಕೆಗಳು ಕೈದಿಗೆ ಕೆಲವು ದಿನ ಸಿಗುವ ರಜೆಯನ್ನು ಪೆರೋಲ್ ಎನ್ನುತ್ತವೆ. ಇಲ್ಲಿ ಆ ಅರ್ಥ ಬೇಡ. ಅಮೆರಿಕದ ಪೆರೋಲ್ ಎಂದರೆ ಉಳಿದ ಶಿಕ್ಷೆಯನ್ನು ಜೈಲಿನ ಹೊರಗೆ, ಷರತ್ತುಗಳ ಅಡಿಯಲ್ಲಿ ಕಳೆಯುವುದು.

ಹಳೆಯ ಕಾನೂನಿನಲ್ಲಿ ಜೀವಾವಧಿ ಕೈದಿಗೆ ಎರಡು ಘಟ್ಟಗಳಿದ್ದವು. 10 ವರ್ಷ ಕಳೆದರೆ ಪೆರೋಲ್ ಕೇಳುವ ಅರ್ಹತೆ ಬರುತ್ತದೆ. 30 ವರ್ಷ ಕಳೆದರೆ ಪೆರೋಲ್ ಆಯೋಗ ಬಿಡಲೇಬೇಕು, ತಡೆಯಬೇಕಾದರೆ ಆಯೋಗವೇ ಕಾರಣ ತೋರಿಸಬೇಕು. ಬಂಧನದ ದಿನದಿಂದ ಎಣಿಸಿದರೆ ಪೊಲಾರ್ಡ್‌ನ ಮೊದಲ ಘಟ್ಟ 1995ರ ನವೆಂಬರ್, ಎರಡನೆಯದು 2015ರ ನವೆಂಬರ್ 21. ಅದು ಶನಿವಾರವಾಗಿತ್ತು, ಹಿಂದಿನ ದಿನ ಶುಕ್ರವಾರ ಆತ ಹೊರಬಂದ.

ಈ ಎರಡು ಘಟ್ಟಗಳ ನಡುವೆ ಬದಲಾಗುವುದು ವರ್ಷಗಳ ಸಂಖ್ಯೆಯೊಂದೇ ಅಲ್ಲ, ಕೇಳುವ ಪ್ರಶ್ನೆಯೇ ಬೇರೆಯಾಗುತ್ತದೆ. 10 ವರ್ಷದ ಬಾಗಿಲಲ್ಲಿ ಕೈದಿ ಮೂರನ್ನು ದಾಟಬೇಕು: ಜೈಲಿನ ನಿಯಮ ಪಾಲಿಸಿರಬೇಕು, ಬಿಡುಗಡೆಯಿಂದ ಅಪರಾಧದ ಗಂಭೀರತೆ ಹಗುರಾಗಬಾರದು, ಸಾರ್ವಜನಿಕ ಹಿತಕ್ಕೆ ಅಪಾಯವಾಗಬಾರದು. ಬೇಹುಗಾರಿಕೆಯ ಕೈದಿ ಬೀಳುವುದು ಎರಡನೆಯದರಲ್ಲಿ. 30 ವರ್ಷದ ಬಾಗಿಲಲ್ಲಿ 'ಗಂಭೀರತೆ' ಎಂಬ ಆ ಪರೀಕ್ಷೆಯೇ ಇಲ್ಲ. ಆಯೋಗಕ್ಕೆ ಉಳಿಯುವ ಕಾರಣ ಎರಡೇ: ಜೈಲಿನಲ್ಲಿ ಗಂಭೀರವಾಗಿ ಅಥವಾ ಪದೇ ಪದೇ ನಿಯಮ ಮುರಿದಿದ್ದಾನೆ ಎಂಬುದು, ಇಲ್ಲವೇ ಮತ್ತೆ ಅಪರಾಧ ಮಾಡುವ ಸಾಧ್ಯತೆ ಇದೆ ಎಂಬುದು. ಪೊಲಾರ್ಡ್ ಅರ್ಜಿ 2014ರಲ್ಲಿ ಬಿದ್ದುಹೋಯಿತು, ಮರುವರ್ಷ ಬಿಡುಗಡೆ ಆಯಿತು. ಮನುಷ್ಯ ಅವನೇ, ಅಪರಾಧ ಅದೇ, ಪ್ರಶ್ನೆ ಮಾತ್ರ ಬೇರೆ. 2015ರ ಬಿಡುಗಡೆಯನ್ನು ರಾಜಕೀಯ ಕೊಡುಗೆ ಎಂದು ಬರೆದವರು ಈ ಕಲಮನ್ನು ಓದಿರಲಿಲ್ಲ.

1987ರ ನವೆಂಬರ್ 1ರ ನಂತರದ ಅಪರಾಧವಾದರೆ ಲೆಕ್ಕ ಬೇರೆ. ಸನ್ನಡತೆಗೆ ವರ್ಷಕ್ಕೆ ಹೆಚ್ಚೆಂದರೆ 54 ದಿನ ಕಡಿತ ಸಿಗುತ್ತದೆ, ಜೀವಾವಧಿ ಶಿಕ್ಷೆಗೆ ಅದೂ ಇಲ್ಲ. ತೀವ್ರ ಕಾಯಿಲೆ, ಮುಪ್ಪು ಮುಂತಾದ ಅಸಾಧಾರಣ ಕಾರಣಗಳಿದ್ದರೆ ಶಿಕ್ಷೆ ವಿಧಿಸಿದ ನ್ಯಾಯಾಲಯಕ್ಕೆ ಅನುಕಂಪದ ಬಿಡುಗಡೆ ಕೋರಬಹುದು. 2018ರ ತಿದ್ದುಪಡಿಯ ನಂತರ ಕೈದಿಯೇ ನೇರವಾಗಿ ಕೋರಬಹುದು, ಆದರೆ ಮೊದಲು ವಾರ್ಡನ್‌ಗೆ ಅರ್ಜಿ ಕೊಟ್ಟು 30 ದಿನ ಕಾಯಬೇಕು, ಇಲ್ಲವೇ ಜೈಲು ಆಡಳಿತದೊಳಗಿನ ಮೇಲ್ಮನವಿಗಳನ್ನೆಲ್ಲ ಮುಗಿಸಿರಬೇಕು. ಹಳೆಯ ಕಾನೂನಿನ ಕೈದಿಗಳಿಗೆ ಈ ನೇರ ದಾರಿಯಿಲ್ಲ, ಅವರ ಪರವಾಗಿ ಕಾರಾಗೃಹ ಬ್ಯೂರೋ ಮಾತ್ರ ನ್ಯಾಯಾಲಯಕ್ಕೆ ಹೋಗಬಹುದು.

ಎರಡೂ ಕಾಲದವರಿಗೆ ತೆರೆದಿರುವ ಬಾಗಿಲು ಅಧ್ಯಕ್ಷರದು. ಅಲ್ಲಿ ಕೇಳಬೇಕಾದದ್ದು ಶಿಕ್ಷೆ ಇಳಿಕೆ, ಪೂರ್ಣ ಕ್ಷಮೆಯಲ್ಲ. ಇಳಿಕೆಯಲ್ಲಿ ಶಿಕ್ಷೆ ಮೊಟಕಾಗುತ್ತದೆ, ಅಪರಾಧಿ ಎಂಬ ತೀರ್ಪು ಹಾಗೆಯೇ ಉಳಿಯುತ್ತದೆ. ಪೂರ್ಣ ಕ್ಷಮೆಗೆ ನ್ಯಾಯಾಂಗ ಇಲಾಖೆಯ ನಿಯಮದ ಪ್ರಕಾರ ಬಿಡುಗಡೆಯಾಗಿ 5 ವರ್ಷ ಕಾಯಬೇಕು. ಜೈಲಿನಲ್ಲಿರುವವನ ಪರವಾಗಿ 'ಕ್ಷಮೆ' ಎಂದು ಬರೆದು ಕಳಿಸಿದ ಮನವಿಗಳು ತಪ್ಪು ಬಾಗಿಲು ತಟ್ಟಿ ವರ್ಷಗಟ್ಟಲೆ ಕೂತಿರುತ್ತವೆ.

'ಮಿತ್ರ' ಎಂಬ ಪದ ಎಲ್ಲಿ ಲೆಕ್ಕಕ್ಕೆ ಬರುತ್ತದೆ

ಪೊಲಾರ್ಡ್ ಒಪ್ಪಿಕೊಂಡ ಅಪರಾಧ ಫೆಡರಲ್ ದಂಡ ಸಂಹಿತೆಯ ಸೆಕ್ಷನ್ 794ರ ಅಡಿಯ ಒಳಸಂಚು. ಈ ಸೆಕ್ಷನ್‌ನಲ್ಲಿ ಎರಡು ಕವಲುಗಳಿವೆ: ಅಮೆರಿಕಕ್ಕೆ ಹಾನಿಯಾಗಲಿ ಎಂದು ಮಾಹಿತಿ ಕೊಡುವುದು, ಅಥವಾ ಪರದೇಶಕ್ಕೆ ಅನುಕೂಲವಾಗಲಿ ಎಂದು ಕೊಡುವುದು. ಎರಡರಲ್ಲಿ ಒಂದು ಸಾಕು. ಪೊಲಾರ್ಡ್ ಮೇಲಿದ್ದ ಆರೋಪ ಎರಡನೆಯದು. ಪರದೇಶ ಮಿತ್ರನೋ ಶತ್ರುವೋ ಎಂದು ಕಾನೂನು ಕೇಳುವುದಿಲ್ಲ. 1941ರಲ್ಲಿ ಗೋರಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿ, ಇಂದಿನ ಮಿತ್ರ ನಾಳೆಯೂ ಮಿತ್ರನಾಗಿಯೇ ಉಳಿಯುತ್ತಾನೆಂಬ ಖಾತರಿಯಿಲ್ಲ ಎಂಬ ಅರ್ಥದ ಮಾತನ್ನೂ ಸೇರಿಸಿತು. ಹೀಗಾಗಿ 'ಮಿತ್ರದೇಶಕ್ಕೆ ಕೊಟ್ಟದ್ದು ಅಪರಾಧವೇ ಅಲ್ಲ' ಎಂಬ ಸಾಲು ನಿಮ್ಮ ಕರಡಿನಲ್ಲಿದ್ದರೆ ಈಗಲೇ ಹೊಡೆದುಹಾಕಿ.

ಅದೇ ರೀತಿ ಎದುರು ಪಕ್ಷದವರು 'ದೇಶದ್ರೋಹಿ' ಎಂಬ ಪದವನ್ನು ಕೈಬಿಡಬೇಕು. ಸಂವಿಧಾನದ ಮೂರನೆಯ ವಿಧಿಯ ಪ್ರಕಾರ ದೇಶದ್ರೋಹವೆಂದರೆ ದೇಶದ ಮೇಲೆ ಯುದ್ಧ ಹೂಡುವುದು ಇಲ್ಲವೇ ಶತ್ರುಗಳ ಪಕ್ಷ ಸೇರಿ ನೆರವಾಗುವುದು. ಪೊಲಾರ್ಡ್ ಮೇಲೆ ಆ ಆರೋಪ ಇರಲೇ ಇಲ್ಲ. ಆದರೂ ರಕ್ಷಣಾ ಕಾರ್ಯದರ್ಶಿ ಕ್ಯಾಸ್ಪರ್ ವೈನ್‌ಬರ್ಗರ್ ನ್ಯಾಯಾಲಯಕ್ಕೆ ಕೊಟ್ಟ ಟಿಪ್ಪಣಿಯಲ್ಲಿ ಆ ಪದ ಬಂತು, ಮುಂದೆ ಮೇಲ್ಮನವಿಯಲ್ಲಿ ಅದೇ ದೊಡ್ಡ ತಕರಾರಾಯಿತು.

ಹಾಗಾದರೆ ಸ್ನೇಹಕ್ಕೆ ಬೆಲೆಯೇ ಇಲ್ಲವೇ? ಇದೆ, ಒಂದೇ ಕಡೆ: ಹಾನಿಯನ್ನು ಅಳೆಯುವಾಗ. ಮಾಹಿತಿ ಯಾರ ಕೈ ಸೇರಿತು, ಅವರು ಅದನ್ನು ಅಮೆರಿಕದ ಸೈನಿಕರ ವಿರುದ್ಧ ಬಳಸುವವರೇ, ಅವರಿಂದ ಮೂರನೆಯವರಿಗೆ ಸೋರುವ ಅಪಾಯ ಎಷ್ಟು ಎಂಬ ಪ್ರಶ್ನೆಗಳಲ್ಲಿ ಅದಕ್ಕೆ ಜಾಗವಿದೆ. ಅಲ್ಲಿಯೂ ಒಂದು ಎಚ್ಚರ ಬೇಕು. ಕಾಗದ ಸೇರಿದ್ದು ಸ್ನೇಹಿತನ ಕೈಯೇ ಆದರೂ, ಅದನ್ನು ತಂದುಕೊಟ್ಟ ಮೂಲ ಯಾವುದು, ಯಾವ ಉಪಕರಣದಿಂದ ಕದ್ದಾಲಿಸಿದ್ದು ಎಂಬುದು ಬಯಲಾಗುತ್ತದೆ. ಇತರ ದೇಶಗಳೊಂದಿಗೆ ಮಾಹಿತಿ ಹಂಚಿಕೆಯ ಒಪ್ಪಂದಗಳಲ್ಲಿ ಚೌಕಾಸಿ ಮಾಡುವ ಶಕ್ತಿಯೂ ಕುಂದುತ್ತದೆ.

ಹಾನಿಯ ಲೆಕ್ಕ

ನಾಲ್ಕು ಸಂಗತಿಗಳನ್ನು ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ: ಎಷ್ಟು ಕಾಗದ, ಯಾವ ಬಗೆಯದು, ಎಷ್ಟು ಕಾಲ, ಎಷ್ಟು ಹಣ. ಇವನ್ನು ಒಂದೇ ವಾಕ್ಯದಲ್ಲಿ ತುರುಕಿದರೆ ಒಂದರ ಬಲ ಇನ್ನೊಂದನ್ನು ಮುಚ್ಚಿಬಿಡುತ್ತದೆ.

ಪೊಲಾರ್ಡ್ ವಿಷಯದಲ್ಲಿ ಕಾಲ ಚಿಕ್ಕದು: 1984ರಿಂದ 1985ರ ನವೆಂಬರ್‌ವರೆಗೆ, ಒಂದೂವರೆ ವರ್ಷದ ಆಸುಪಾಸು. ಕಾಗದ ಮಾತ್ರ ರಾಶಿ. ದಾಖಲೆಗಳನ್ನು ಹೊರಗೆ ಒಯ್ಯಲು ಅನುಮತಿಸುವ ಕಾರ್ಡ್ ಅವನ ಬಳಿ ಇತ್ತು. ವಾರಾಂತ್ಯಕ್ಕೆ ಮುಂಚೆ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೊರಡುವುದು, ವಾಷಿಂಗ್ಟನ್ನಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಅದಕ್ಕೆಂದೇ ಇಟ್ಟಿದ್ದ ಯಂತ್ರಗಳಲ್ಲಿ ನಕಲಾಗುವುದು, ಕಚೇರಿ ತೆರೆಯುವಷ್ಟರಲ್ಲಿ ಮೂಲಪ್ರತಿ ವಾಪಸಾಗುವುದು. ಹೀಗೆ ದಾಟಿದ್ದನ್ನು ಒಟ್ಟಿದರೆ 6 ಅಡಿ ಅಗಲ, 6 ಅಡಿ ಉದ್ದ, 10 ಅಡಿ ಎತ್ತರದ ಜಾಗ ತುಂಬುತ್ತದೆ ಎಂಬ ಅಂದಾಜು ಕಡತದಲ್ಲಿದೆ. ಹಣ ತಿಂಗಳಿಗೆ 1,500 ಡಾಲರ್, ನಂತರ 2,500. ಜೊತೆಗೆ ಉಂಗುರ, ವಿದೇಶ ಪ್ರವಾಸದ ಖರ್ಚು. 'ತತ್ವಕ್ಕಾಗಿ ಮಾಡಿದ' ಎನ್ನುವವರು ಈ ಅಂಕಿಗಳನ್ನು ಕೊನೆಗೆಲ್ಲೋ ಅಡಗಿಸಿಡುತ್ತಾರೆ. ಓದುವ ಅಧಿಕಾರಿಯ ಮೇಜಿನ ಮೇಲೆ ಅವು ಆಗಲೇ ಇರುತ್ತವೆ, ಆದ್ದರಿಂದ ನೀವೇ ಮೊದಲ ಪುಟದಲ್ಲಿ ಬರೆಯಿರಿ.

ಬಗೆ ಎಂಬುದು ಕಷ್ಟದ ಭಾಗ. ವೈನ್‌ಬರ್ಗರ್ ಅವರ 46 ಪುಟಗಳ ರಹಸ್ಯ ಟಿಪ್ಪಣಿ ನ್ಯಾಯಾಧೀಶರ ಕೈಯಲ್ಲಿತ್ತು. ಶಿಕ್ಷೆಯ ಹಿಂದಿನ ದಿನ ಇನ್ನೊಂದು ಸಣ್ಣ ಪೂರಕ ಟಿಪ್ಪಣಿಯೂ ಸೇರಿತು. ರಹಸ್ಯ ಭಾಗವನ್ನು ಓದದವರು ಹಾನಿಯನ್ನು 'ಭೀಕರ' ಎಂದೂ ಹೇಳಲಾರರು, 'ಏನೂ ಇಲ್ಲ' ಎಂದೂ ಹೇಳಲಾರರು. ಓದಬಹುದಾದದ್ದು ಒಂದಿದೆ: 1987ರ ಸಿಐಎ ಹಾನಿ ಅಂದಾಜು ವರದಿ. 2012ರಲ್ಲಿ ಅದರ ಹೆಚ್ಚಿನ ಭಾಗ ಬಹಿರಂಗವಾಯಿತು. ಇಸ್ರೇಲಿಗಳು ಕೇಳಿದ್ದು ಅರಬ್ ದೇಶಗಳು, ಪಾಕಿಸ್ತಾನ, ಸೋವಿಯತ್ ಶಸ್ತ್ರಾಸ್ತ್ರಗಳ ಮಾಹಿತಿಯನ್ನು. ಅಮೆರಿಕದ ಸ್ವಂತ ಸೇನಾ ಚಟುವಟಿಕೆ, ಯೋಜನೆ, ಸಾಮರ್ಥ್ಯಗಳ ಮಾಹಿತಿಯನ್ನು ಅವರು ಕೇಳಲಿಲ್ಲ ಎಂದು ಆ ವರದಿ ಹೇಳುತ್ತದೆ. ಅದೇ ವರದಿಯಲ್ಲಿ ಅಮೆರಿಕದ ಗುಪ್ತಚರ ಮತ್ತು ವಿದೇಶಾಂಗ ಹಿತಗಳು ಅಪಾಯಕ್ಕೊಳಗಾದವು ಎಂಬ ಮಾತೂ ಇದೆ. ರೇಡಿಯೋ ಸಂಕೇತಗಳ ಬೃಹತ್ ಕೈಪಿಡಿ ಕೈಮೀರಿ ಹೋದ ಸಂಗತಿಯೂ ಇದೆ. ಬಿಡುಗಡೆಯ ಪರ ಇರುವವರು ಮೊದಲ ಭಾಗವನ್ನೇ ಉಲ್ಲೇಖಿಸುತ್ತಾರೆ, ವಿರೋಧಿಗಳು ಎರಡನೆಯದನ್ನೇ. ಎರಡನ್ನೂ ಬರೆದವರ ಪತ್ರಕ್ಕೆ ಮಾತ್ರ ಓದುಗರ ನಂಬಿಕೆ ಸಿಗುತ್ತದೆ.

ರಹಸ್ಯ ಕಡತ ನೋಡಲು ವಕೀಲರಿಗೆ ಭದ್ರತಾ ಅನುಮತಿ ಇರಬೇಕು, ಅದರ ಮೇಲೆ 'ತಿಳಿಯುವ ಅಗತ್ಯ'ವನ್ನೂ ಸಾಬೀತುಮಾಡಬೇಕು. ಪೊಲಾರ್ಡ್‌ನ ನಂತರದ ವಕೀಲರಿಗೆ ಮೊದಲನೆಯದಿತ್ತು, ಎರಡನೆಯದು ಸಿಗಲಿಲ್ಲ. ಕ್ಷಮಾದಾನದ ಅರ್ಜಿಗೆ ಬೇಕೆಂಬ ಕಾರಣಕ್ಕೆ ಕಡತ ತೆರೆಸುವ ಅಧಿಕಾರ ತನಗಿಲ್ಲ ಎಂದು 2005ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಹೇಳಿಬಿಟ್ಟಿತು. ಆದ್ದರಿಂದ ರಹಸ್ಯ ಕಡತ ಸಿಕ್ಕಮೇಲೆ ಅರ್ಜಿ ಬರೆಯೋಣ ಎಂದು ಕಾಯಬೇಡಿ. ಕಡತವನ್ನು ಸ್ವತಃ ಓದಿದ್ದ, ಆಗ ಅಧಿಕಾರದಲ್ಲಿದ್ದು ಈಗ ನಿವೃತ್ತರಾದವರ ಪತ್ರ ತರುವುದು ನಡೆದುಬಂದ ಉಪಾಯ. ಸಿಐಎ ನಿರ್ದೇಶಕರಾಗಿದ್ದ ಜೇಮ್ಸ್ ವುಲ್ಸಿ ಅಧಿಕಾರದಲ್ಲಿದ್ದಾಗ ಬಿಡುಗಡೆ ಬೇಡ ಎಂದಿದ್ದವರು, ಎರಡು ದಶಕ ಕಳೆದ ಮೇಲೆ ಇಷ್ಟು ಸಾಕು ಎಂದರು. ಅಂಥವರೊಬ್ಬರ ಒಂದು ಪುಟದ ಪತ್ರಕ್ಕಿರುವ ಬೆಲೆ ಸಾವಿರಾರು ಸಹಿಗಳ ಮನವಿಗೆ ಇರುವುದಿಲ್ಲ.

ಹೋಲಿಕೆಯ ಪಟ್ಟಿ ಮಾಡುವಾಗ

ಶಿಕ್ಷೆ ಅತಿಯಾಯಿತೇ ಎಂಬ ಪ್ರಶ್ನೆಗೆ ಹೋಲಿಕೆಯೇ ಉತ್ತರ. ಅತಿ ಹೆಚ್ಚು ಮೋಸ ನಡೆಯುವುದೂ ಇಲ್ಲಿಯೇ. 'ಮಿತ್ರದೇಶದ ಬೇಹುಗಾರರಿಗೆ ಸಾಮಾನ್ಯವಾಗಿ 2ರಿಂದ 4 ವರ್ಷ' ಎಂಬ ವಾಕ್ಯ ಬಹಳ ಓಡಾಡಿದೆ. ಅದನ್ನು ಬಳಸುವ ಮುಂಚೆ ಪ್ರತಿ ಹೆಸರಿನ ಮುಂದೆ ಸೆಕ್ಷನ್, ಆ ಸೆಕ್ಷನ್‌ನ ಗರಿಷ್ಠ ಶಿಕ್ಷೆ, ತಪ್ಪೊಪ್ಪಿಗೆಯೋ ವಿಚಾರಣೆಯೋ, ವಯಸ್ಸು ಇಷ್ಟನ್ನು ಬರೆಯಿರಿ.

ನೌಕಾ ಗುಪ್ತಚರ ಕಚೇರಿಯ ರಾಬರ್ಟ್ ಕಿಮ್ ದಕ್ಷಿಣ ಕೊರಿಯಾಕ್ಕೆ ಮಾಹಿತಿ ಕೊಟ್ಟು 1996ರಲ್ಲಿ ಬಂಧಿತನಾದ, 9 ವರ್ಷ ಶಿಕ್ಷೆಯಾಯಿತು. 'ಅವನಿಗೆ 9, ಇವನಿಗೆ ಜೀವಾವಧಿ' ಎನ್ನುವುದು ಸುಲಭ. ಆದರೆ ಕಿಮ್ ಒಪ್ಪಿಕೊಂಡದ್ದು 10 ವರ್ಷ ಗರಿಷ್ಠ ಶಿಕ್ಷೆಯಿರುವ ಬೇರೆ ಅಪರಾಧವನ್ನು. ಅಂದರೆ ಅವನಿಗೆ ಸಿಕ್ಕಿದ್ದು ಗರಿಷ್ಠಕ್ಕೆ ಹತ್ತಿರ. ಬೆನ್-ಅಮಿ ಕಾದಿಶ್ ನ್ಯೂಜೆರ್ಸಿಯ ಪಿಕಾಟಿನಿ ಶಸ್ತ್ರಾಗಾರದ ಎಂಜಿನಿಯರ್, ಇಸ್ರೇಲಿಗೇ ದಾಖಲೆ ಕೊಟ್ಟವನು. ಪೊಲಾರ್ಡ್‌ನಿಂದ ಬೇಹುಗಾರಿಕೆ ಮಾಡಿಸುತ್ತಿದ್ದ ಇಸ್ರೇಲಿ ಅಧಿಕಾರಿಗಳಲ್ಲೊಬ್ಬನೇ ಇವನಿಂದಲೂ ಮಾಡಿಸುತ್ತಿದ್ದ. 2009ರಲ್ಲಿ ಅವನಿಗೆ 50,000 ಡಾಲರ್ ದಂಡವಾಯಿತು, ಜೈಲಿಲ್ಲ. ಕೇಳಿದ ಕೂಡಲೇ ಅನ್ಯಾಯ ಎನಿಸುತ್ತದೆ. ಆದರೆ ಅವನು ಒಪ್ಪಿಕೊಂಡದ್ದು ನೋಂದಣಿಯಿಲ್ಲದೆ ಪರದೇಶದ ಏಜೆಂಟನಾಗುವ ಒಳಸಂಚನ್ನು. ವಯಸ್ಸು 85, ಕೃತ್ಯ ನಡೆದು ಎರಡು ದಶಕದ ಮೇಲಾಗಿತ್ತು. ಇಸ್ರೇಲ್ ಪರ ಲಾಬಿಗಾರರಿಗೆ ರಹಸ್ಯ ಮಾಹಿತಿ ಕೊಟ್ಟ ಪೆಂಟಗನ್‌ನ ಲಾರೆನ್ಸ್ ಫ್ರಾಂಕ್ಲಿನ್‌ಗೆ 2006ರಲ್ಲಿ 12 ವರ್ಷ 7 ತಿಂಗಳ ಶಿಕ್ಷೆಯಾಗಿ, ಸಹಕಾರದ ನಂತರ 2009ರಲ್ಲಿ ಜೈಲೇ ಇಲ್ಲದಷ್ಟು ಇಳಿಯಿತು. ಸಹಕಾರಕ್ಕೆ ಎಷ್ಟು ಬೆಲೆ ಸಿಗಬಲ್ಲದು ಎಂದು ತೋರಿಸಲು ಈ ಪ್ರಕರಣ ಬಳಸಿ, ಬೇರೆಯದಕ್ಕೆ ಬೇಡ.

ನಿಜವಾಗಿ ಹತ್ತಿರದ ಹೋಲಿಕೆ ಸ್ಟೀವನ್ ಲಾಲಸ್. ಅಥೆನ್ಸ್‌ನ ಅಮೆರಿಕನ್ ರಾಯಭಾರ ಕಚೇರಿಯ ಸಂಪರ್ಕ ಸಿಬ್ಬಂದಿ, ನೇಟೋ ಸದಸ್ಯ ಗ್ರೀಸ್‌ಗೆ ವರ್ಷಗಟ್ಟಲೆ ದಾಖಲೆ ಮಾರಿದವನು. 1993ರಲ್ಲಿ ಬೇಹುಗಾರಿಕೆಯ ಒಳಸಂಚು ಒಪ್ಪಿಕೊಂಡ, 14 ವರ್ಷ ಶಿಕ್ಷೆಯಾಯಿತು.

ಶತ್ರುಪಾಳಯದ ಹೋಲಿಕೆಯೂ ಪಟ್ಟಿಯಲ್ಲಿರಲಿ. ಅಮೆರಿಕದ ಸಂಕೇತ ಕದ್ದಾಲಿಕೆ ಸಂಸ್ಥೆ ಎನ್‌ಎಸ್‌ಎಯ ಮಾಜಿ ನೌಕರ ರೊನಾಲ್ಡ್ ಪೆಲ್ಟನ್ ಸೋವಿಯತ್ ಒಕ್ಕೂಟಕ್ಕೆ ಸಮುದ್ರದಡಿಯ ಕೇಬಲ್ ಕದ್ದಾಲಿಕೆಯ ಗುಟ್ಟು ಮಾರಿದವನು. ಪೊಲಾರ್ಡ್ ಸೆರೆಸಿಕ್ಕ ಅದೇ ವಾರಗಳಲ್ಲಿ ಬಂಧಿತನಾದ. ಪೊಲಾರ್ಡ್ ತಪ್ಪೊಪ್ಪಿಕೊಂಡ, ಪೆಲ್ಟನ್ ವಿಚಾರಣೆ ಎದುರಿಸಿ ಸೋತ. ಇಬ್ಬರೂ 30 ವರ್ಷ ಒಳಗಿದ್ದು 2015ರ ನವೆಂಬರ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಹೊರಬಂದರು. ಶಿಕ್ಷೆಯ ಪ್ರಮಾಣದ ಬಗ್ಗೆ ಇಡೀ ಕಡತದಲ್ಲಿರುವ ಅತ್ಯಂತ ಗಟ್ಟಿ ಸಂಗತಿ ಇದು ಎಂಬುದು ನಮ್ಮ ಅಭಿಪ್ರಾಯ. ಸರ್ಕಾರದೊಂದಿಗೆ ಸಹಕರಿಸಿದವನೂ ಸೋವಿಯತ್‌ಗೆ ಮಾರಿದವನೂ ಒಂದೇ ತಕ್ಕಡಿಯಲ್ಲಿ ಸಮತೂಗಿದರೆ ಎಲ್ಲೋ ತೂಕ ತಪ್ಪಿದೆ. ದೀರ್ಘ ಜೈಲು ಪೊಲಾರ್ಡ್‌ಗೆ ನ್ಯಾಯವಾಗಿಯೇ ಬಂತು, ಜೀವಾವಧಿ ಅತಿಯಾಯಿತು. ಲಾಲಸ್‌ನ 14 ವರ್ಷವನ್ನು ಅಳತೆಗೋಲಾಗಿ ಇಟ್ಟುಕೊಂಡು, ಕಾಗದದ ರಾಶಿಗೆ ಇನ್ನಷ್ಟು ಸೇರಿಸಿದರೂ 2005ರ ಹೊತ್ತಿಗೆ ಬಿಡುಗಡೆಗೆ ನ್ಯಾಯವಾದ ಕಾರಣವಿತ್ತು.

ಪ್ರಕ್ರಿಯೆಯಲ್ಲಿ ಏನು ತಪ್ಪಿತು

ತಪ್ಪೊಪ್ಪಿಗೆ ಒಪ್ಪಂದ ಇದ್ದರೆ ಅದರ ಮೂಲ ಪ್ರತಿ ತರಿಸಿಕೊಂಡು, ಸರ್ಕಾರ ಕೊಟ್ಟ ಮಾತುಗಳಿಗೆ ಅಡಿಗೆರೆ ಹಾಕಿ. ಪೊಲಾರ್ಡ್‌ಗೆ ಕೊಟ್ಟ ಮುಖ್ಯ ಮಾತು ಮೂರು: ಅವನ ಸಹಕಾರವನ್ನು ನ್ಯಾಯಾಲಯದ ಗಮನಕ್ಕೆ ತರುವುದು, ಅಪರಾಧದ ಸಂಗತಿ ಸಂದರ್ಭಗಳಿಗಷ್ಟೇ ತನ್ನ ವಾದ ಸೀಮಿತಗೊಳಿಸುವುದು, ಜೀವಾವಧಿಗೆ ಒತ್ತಾಯಿಸದೆ ಗಣನೀಯ ಅವಧಿಯ ಜೈಲು ಕೇಳುವುದು. ಅಕ್ಷರಶಃ ನೋಡಿದರೆ ಸರ್ಕಾರ ಮಾತು ಮುರಿಯಲಿಲ್ಲ ಎಂದು 1992ರಲ್ಲಿ ಮೇಲ್ಮನವಿ ನ್ಯಾಯಾಲಯದ ಇಬ್ಬರು, ಲಾರೆನ್ಸ್ ಸಿಲ್ಬರ್‌ಮನ್ ಮತ್ತು ರೂತ್ ಬೇಡರ್ ಗಿನ್ಸ್‌ಬರ್ಗ್, ತೀರ್ಪಿತ್ತರು. ಮೂರನೆಯವರಾದ ಸ್ಟೀಫನ್ ವಿಲಿಯಮ್ಸ್, ಟಿಪ್ಪಣಿಗಳ ಧಾಟಿಯೇ ಒಪ್ಪಂದದ ಆಶಯವನ್ನು ಕೊಂದಿದೆ, ಇದು ಮೂಲಭೂತವಾದ ಅನ್ಯಾಯ ಎಂದು ಭಿನ್ನಮತ ಬರೆದರು. ಭಿನ್ನಮತ ಕಾನೂನಾಗುವುದಿಲ್ಲ. ಆದರೆ ಕ್ಷಮಾದಾನದ ಅರ್ಜಿಗೆ ಅದು ಚಿನ್ನದಂಥ ಆಧಾರ, ಏಕೆಂದರೆ ಅಧ್ಯಕ್ಷರು ನ್ಯಾಯಾಲಯದ ಗೆರೆಗೆ ಬದ್ಧರಲ್ಲ.

ಕೈದಿಯ ಕಡೆಯ ತಪ್ಪನ್ನೂ ಬರೆಯಿರಿ. ಪ್ರಕಟಣೆಗೆ ಮುಂಚೆ ನೌಕಾ ಗುಪ್ತಚರ ನಿರ್ದೇಶಕರ ಒಪ್ಪಿಗೆ ಪಡೆಯುತ್ತೇನೆಂದು ಒಪ್ಪಿದ್ದ ಪೊಲಾರ್ಡ್, ಶಿಕ್ಷೆಗೆ ಕೆಲವೇ ತಿಂಗಳ ಮುಂಚೆ ಜೈಲಿನಿಂದಲೇ ಪತ್ರಕರ್ತ ವುಲ್ಫ್ ಬ್ಲಿಟ್ಜರ್‌ಗೆ ಸಂದರ್ಶನ ಕೊಟ್ಟ. ಪಶ್ಚಾತ್ತಾಪವಿಲ್ಲ ಎಂದು ಸರ್ಕಾರ ವಾದಿಸಲು ಅದೇ ಸಾಕಾಯಿತು.

ಗಡುವುಗಳ ವಿಷಯದಲ್ಲಿ ಕರುಣೆಯಿಲ್ಲ. ಪೊಲಾರ್ಡ್ ಪರ ಸಕಾಲದಲ್ಲಿ ನೇರ ಮೇಲ್ಮನವಿಯೇ ಸಲ್ಲಲಿಲ್ಲ. ಮುಂದೆ ಬಂದದ್ದೆಲ್ಲ ಹೆಚ್ಚು ಕಠಿಣ ಪರೀಕ್ಷೆಯ ಪರ್ಯಾಯ ಅರ್ಜಿಗಳು. ಇಂದಿನ ನಿಯಮದಲ್ಲಿ ಕ್ರಿಮಿನಲ್ ಮೇಲ್ಮನವಿಯ ನೋಟಿಸಿಗೆ 14 ದಿನ, ಶಿಕ್ಷೆ ಪ್ರಶ್ನಿಸುವ ನಂತರದ ಅರ್ಜಿಗೆ ಸಾಮಾನ್ಯವಾಗಿ ಒಂದು ವರ್ಷ.

ಅರ್ಜಿ ಬರೆಯುವುದು

ಶಿಕ್ಷೆ ಇಳಿಕೆಯ ನಮೂನೆ ನ್ಯಾಯಾಂಗ ಇಲಾಖೆಯ ಕ್ಷಮಾದಾನ ವಕೀಲರ ಕಚೇರಿಯಲ್ಲಿ ಸಿಗುತ್ತದೆ, ಶುಲ್ಕವಿಲ್ಲ. ಅರ್ಜಿಯನ್ನು ಅಧ್ಯಕ್ಷರ ಹೆಸರಿಗೆ ಬರೆದು ಆ ಕಚೇರಿಗೆ ಸಲ್ಲಿಸಬೇಕು. ಸೈನಿಕ ನ್ಯಾಯಾಲಯದ ಶಿಕ್ಷೆಯಾದರೆ ಆಯಾ ಸೇನಾ ವಿಭಾಗದ ಕಾರ್ಯದರ್ಶಿಗೆ. ಮೇಲ್ಮನವಿ ಬಾಕಿಯಿದ್ದರೆ ಅಥವಾ ಬೇರೆ ಕಾನೂನು ಪರಿಹಾರ ಕೈಗೆಟುಕುವಂತಿದ್ದರೆ, ಅಸಾಧಾರಣ ಕಾರಣ ತೋರಿಸದ ಹೊರತು ಅರ್ಜಿ ಮುಂದೆ ಹೋಗುವುದಿಲ್ಲ. ತೀರ್ಪಿನ ಪ್ರತಿ, ಶಿಕ್ಷಾಪೂರ್ವ ವರದಿ, ಜೈಲಿನ ನಡತೆಯ ದಾಖಲೆ, ವೈದ್ಯಕೀಯ ಸಾರಾಂಶ, ಬಿಡುಗಡೆಯ ನಂತರದ ಮನೆ ಮತ್ತು ಕೆಲಸದ ಖಾತರಿ ಪತ್ರ ಜೊತೆಗಿರಲಿ.

ಇಲಾಖೆಯ ಕೈಪಿಡಿ ಹೆಸರಿಸುವ ಆಧಾರಗಳು: ಶಿಕ್ಷೆಯ ಅಸಮಾನತೆ ಅಥವಾ ಅತಿ ಕಠೋರತೆ, ಗಂಭೀರ ಕಾಯಿಲೆ ಅಥವಾ ಇಳಿವಯಸ್ಸು, ಸರ್ಕಾರಕ್ಕೆ ಮಾಡಿದ ಸೇವೆಗೆ ತಕ್ಕ ಪ್ರತಿಫಲ ಸಿಗದಿರುವುದು. ನಿಮ್ಮ ಅರ್ಜಿಯ ಶೀರ್ಷಿಕೆಗಳೂ ಇವೇ ಆಗಿರಲಿ. 'ಮಿತ್ರದೇಶ' ಈ ಪಟ್ಟಿಯಲ್ಲಿ ಇಲ್ಲ ಎಂಬುದನ್ನು ಗಮನಿಸಿ.

ಅಪರಾಧವನ್ನು ಸ್ವಂತ ಮಾತಿನಲ್ಲಿ ವಿವರಿಸುವ ಜಾಗವೇ ಅರ್ಜಿಯ ಉಸಿರು. ಕೆಟ್ಟ ಮಾದರಿ ಹೀಗಿರುತ್ತದೆ: 'ನಾನು ನನ್ನ ದೇಶಕ್ಕೆ ಕೇಡು ಬಗೆಯಲಿಲ್ಲ. ಸ್ನೇಹಿತ ರಾಷ್ಟ್ರಕ್ಕೆ ತಿಳಿಯಲೇಬೇಕಾಗಿದ್ದುದನ್ನು ತಿಳಿಸಿದೆ.' ಇದರಲ್ಲಿ ದಿನಾಂಕವಿಲ್ಲ, ಹಣವಿಲ್ಲ, ತಪ್ಪಿನ ಒಪ್ಪಿಗೆಯೂ ಇಲ್ಲ. ಹೀಗೆ ಬರೆಯಿರಿ: 'ಇಂಥ ತಿಂಗಳಿಂದ ಇಂಥ ತಿಂಗಳವರೆಗೆ, ರಹಸ್ಯ ಕಾಪಾಡುತ್ತೇನೆಂದು ಸಹಿ ಹಾಕಿದ್ದ ಮೇಲೂ, ದಾಖಲೆಗಳನ್ನು ಕಚೇರಿಯಿಂದ ಒಯ್ದು ಪರದೇಶದ ಅಧಿಕಾರಿಗಳಿಗೆ ಕೊಟ್ಟೆ. ಅದಕ್ಕೆ ಇಷ್ಟು ಹಣ ಪಡೆದೆ. ಯಾವ ಮಾಹಿತಿಯನ್ನು ಯಾರೊಂದಿಗೆ ಹಂಚಬೇಕು ಎಂದು ನಿರ್ಧರಿಸುವ ಅಧಿಕಾರ ನನ್ನದಾಗಿರಲಿಲ್ಲ.' ಕೊನೆಯ ವಾಕ್ಯ ಬಹಳ ಮುಖ್ಯ. ಮಿತ್ರದೇಶದ ಬೇಹುಗಾರಿಕೆಯಲ್ಲಿ ಆಗುವ ಹಾನಿಯ ತಿರುಳು ಅದೇ, ಕೈದಿ ಅದನ್ನು ಅರ್ಥಮಾಡಿಕೊಂಡಿದ್ದಾನೆಯೇ ಎಂಬುದನ್ನೇ ಓದುವವರು ಹುಡುಕುತ್ತಾರೆ. 2017ರ ಜನವರಿಯಲ್ಲಿ ವಿಕಿಲೀಕ್ಸ್‌ಗೆ ರಹಸ್ಯ ದಾಖಲೆ ಸೋರಿಸಿದ ಸೈನಿಕ ಚೆಲ್ಸೀ ಮ್ಯಾನಿಂಗ್ ಅವರ 35 ವರ್ಷದ ಶಿಕ್ಷೆ ಇಳಿಸಿದಾಗ ಒಬಾಮಾ ಕೊಟ್ಟ ಕಾರಣಗಳಲ್ಲೂ ತಪ್ಪಿನ ಹೊಣೆ ಹೊತ್ತದ್ದು ಮತ್ತು ಇತರ ಸೋರಿಕೆದಾರರಿಗಿಂತ ಶಿಕ್ಷೆ ತೀರಾ ಹೆಚ್ಚಾದದ್ದು ಇದ್ದವು. ಮ್ಯಾನಿಂಗ್ ಪರದೇಶದ ಬೇಹುಗಾರರಲ್ಲ, ಹಾಗಾಗಿ ಆ ಪ್ರಕರಣವನ್ನು ಶಿಕ್ಷೆಯ ಹೋಲಿಕೆಗೆ ಬಳಸಬೇಡಿ, ತರ್ಕಕ್ಕೆ ಬಳಸಿ.

ಇನ್ನೂ ರಹಸ್ಯವಾಗಿರುವ ಯಾವುದನ್ನೂ ಅರ್ಜಿಯಲ್ಲಿ ಬರೆಯಲೇಬೇಡಿ. 'ನಾನು ಕೊಟ್ಟದ್ದು ಇಷ್ಟೇ' ಎಂದು ತೋರಿಸುವ ಉತ್ಸಾಹದಲ್ಲಿ ಹೊಸ ಅಪರಾಧವಾಗಿಬಿಡುತ್ತದೆ.

ಮುಂದಿನ ಅಪಾಯಕ್ಕೆ ಉತ್ತರವನ್ನೂ ನೀವೇ ಕೊಡಿ. ಷರತ್ತು ಹಾಕಿ ಶಿಕ್ಷೆ ಇಳಿಸುವ ಅಧಿಕಾರ ಅಧ್ಯಕ್ಷರಿಗಿದೆ ಎಂದು 1974ರಲ್ಲಿ ಸುಪ್ರೀಂ ಕೋರ್ಟ್ ಶಿಕ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಕಂಪ್ಯೂಟರ್ ಮೇಲೆ ನಿಗಾ, ಪರದೇಶದ ಅಧಿಕಾರಿಗಳ ಸಂಪರ್ಕ ನಿಷೇಧ, ಬರಹಗಳ ಪೂರ್ವಪರಿಶೀಲನೆ ಮುಂತಾದ ಷರತ್ತುಗಳನ್ನು ಅರ್ಜಿಯಲ್ಲೇ ಮುಂದಿಟ್ಟರೆ 'ಹೊರಗೆ ಬಂದರೆ ಬಾಯಿ ಬಿಡುತ್ತಾನೆ' ಎಂಬ ಆಕ್ಷೇಪದ ಮೊನೆ ಮುರಿಯುತ್ತದೆ.

ಪರದೇಶ ಕೇಳಿದಾಗ

ಬೇಹುಗಾರನ ಒಡೆಯ ದೇಶವೇ ಬಿಡುಗಡೆ ಕೇಳುವುದು ಸಹಜ. ಕೇಳುವ ರೀತಿ ತಪ್ಪಿದರೆ ಅರ್ಜಿ ಮುಳುಗುತ್ತದೆ. ಇಸ್ರೇಲ್ ಮೊದಲು ಇದು ಅಂಕೆ ಮೀರಿದ ಗುಂಪಿನ ಕೆಲಸ ಎಂದಿತು. 1995ರಲ್ಲಿ ಪೊಲಾರ್ಡ್‌ಗೆ ಪೌರತ್ವ ಕೊಟ್ಟಿತು. ತನ್ನ ಏಜೆಂಟ್ ಎಂದು ಅಧಿಕೃತವಾಗಿ ಒಪ್ಪಿದ್ದು 1998ರಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕದ ವೈ ನದಿಯ ಬಳಿ ನಡೆದ ಇಸ್ರೇಲ್-ಪ್ಯಾಲೆಸ್ಟೀನ್ ಶಾಂತಿ ಮಾತುಕತೆಯ ಮೇಜಿನ ಮೇಲೆ ಇಸ್ರೇಲಿನ ಪ್ರಧಾನಿ ನೆತನ್ಯಾಹು ಬಿಡುಗಡೆಯ ಬೇಡಿಕೆ ಇಟ್ಟರು. ಹಾಗಾದರೆ ನಾನು ರಾಜೀನಾಮೆ ಕೊಡುತ್ತೇನೆ ಎಂದು ಸಿಐಎ ನಿರ್ದೇಶಕ ಜಾರ್ಜ್ ಟೆನೆಟ್ ಕ್ಲಿಂಟನ್‌ಗೆ ತಿಳಿಸಿದರು, ಬೇಡಿಕೆ ಬಿದ್ದುಹೋಯಿತು. 2014ರ ಮಾತುಕತೆಯಲ್ಲೂ ಈ ವಿಷಯ ಬಂದು ಹೋಯಿತು. ಮನುಷ್ಯನೊಬ್ಬ ಚೌಕಾಸಿಯ ನಾಣ್ಯವಾದ ಕೂಡಲೇ ಅವನ ವಯಸ್ಸು, ನಡತೆ, ಶಿಕ್ಷೆಯ ಪ್ರಮಾಣ ಯಾವುದನ್ನೂ ಯಾರೂ ನೋಡುವುದಿಲ್ಲ. ಗುಪ್ತಚರ ಸಂಸ್ಥೆಗಳು ಒಗ್ಗಟ್ಟಾಗಿ ಎದುರು ನಿಲ್ಲುತ್ತವೆ.

ಪರದೇಶದ ಸರ್ಕಾರದಿಂದ ಪಡೆಯಬೇಕಾದದ್ದು ಬೇರೆ ಮೂರು ಪತ್ರಗಳು: ಹೊಣೆ ಒಪ್ಪಿಕೊಂಡದ್ದು, ಪಡೆದ ದಾಖಲೆಗಳನ್ನು ಮರಳಿಸಿದ ವಿವರ, ಮತ್ತೆ ಇಂಥ ನೇಮಕ ಮಾಡುವುದಿಲ್ಲವೆಂಬ ಲಿಖಿತ ಭರವಸೆ. ಸನ್ಮಾನ, ಮೆರವಣಿಗೆ, ರಸ್ತೆಗೆ ಹೆಸರಿಡುವ ಮಾತುಗಳನ್ನು ಬೆಂಬಲಿಗರು ಬಿಡುಗಡೆಗೆ ಮುಂಚೆ ಎತ್ತಲೇಬಾರದು.

ಬಿಡುಗಡೆಯ ನಂತರದ ದಿನಗಳು

ಹೊರಬಂದ ಮೇಲೂ ಲೆಕ್ಕ ಮುಗಿಯುವುದಿಲ್ಲ. ಪೊಲಾರ್ಡ್ ಕಾಲಿಗೆ ಜಿಪಿಎಸ್ ಪಟ್ಟಿ ಬಿತ್ತು. ಸಂಜೆ 7ರಿಂದ ಬೆಳಿಗ್ಗೆ 7ರವರೆಗೆ ನ್ಯೂಯಾರ್ಕಿನ ಮನೆಯಲ್ಲೇ ಇರಬೇಕಿತ್ತು, ಕೆಲಸದ ಕಂಪ್ಯೂಟರ್ ಮೇಲೂ ನಿಗಾ ಇತ್ತು. ಅನುಮತಿಯಿಲ್ಲದೆ ದೇಶ ಬಿಡುವಂತಿರಲಿಲ್ಲ. 30 ವರ್ಷದ ಹಿಂದಿನದು ನೆನಪಿಲ್ಲ ಎಂದು ಷರತ್ತುಗಳನ್ನು ಪ್ರಶ್ನಿಸಿದ. ಕೆಲವು ಮಾಹಿತಿ ಇನ್ನೂ ರಹಸ್ಯವೇ ಎಂದು ಸರ್ಕಾರ ಹೇಳಿತು, 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಸರ್ಕಾರದ ಪರ ನಿಂತಿತು. ಷರತ್ತುಗಳ ವಿರುದ್ಧ ಹೋರಾಡುವ ಯೋಚನೆಯಿದ್ದರೆ ಎಲ್ಲವನ್ನೂ ಒಟ್ಟಿಗೆ ಪ್ರಶ್ನಿಸಬೇಡಿ. ಜೀವನೋಪಾಯಕ್ಕೆ ಅಡ್ಡಬರುವ ಒಂದನ್ನು ಹಿಡಿದು, ಉದ್ಯೋಗದಾತರ ಪತ್ರದೊಂದಿಗೆ ಹೋಗಿ.

ಹಳೆಯ ಪೆರೋಲ್ ಕಾನೂನಿನಲ್ಲಿ 5 ವರ್ಷ ತುಂಬಿದಾಗ ಆಯೋಗ ಮೇಲ್ವಿಚಾರಣೆ ಕೊನೆಗೊಳಿಸಬೇಕು. ಮುಂದುವರಿಸಬೇಕಾದರೆ ವಿಚಾರಣೆ ನಡೆಸಿ, ಮತ್ತೆ ಕಾನೂನು ಮುರಿಯುವ ಸಂಭವವಿದೆ ಎಂದು ತೀರ್ಮಾನಿಸಬೇಕು. 2020ರ ನವೆಂಬರ್ 20ಕ್ಕೆ ಪೊಲಾರ್ಡ್‌ನ 5 ವರ್ಷ ಮುಗಿಯಿತು, ಅಂಥ ಸಾಕ್ಷ್ಯವಿಲ್ಲವೆಂದು ಆಯೋಗ ಷರತ್ತುಗಳನ್ನು ತೆಗೆಯಿತು, ಡಿಸೆಂಬರ್ 30ರಂದು ಆತ ಇಸ್ರೇಲಿನಲ್ಲಿ ಇಳಿದ. ಹೊಸ ಕಾನೂನಿನ ಕೈದಿಗಳಿಗೆ ಪೆರೋಲಿನ ಬದಲು ನ್ಯಾಯಾಲಯ ವಿಧಿಸುವ ಮೇಲ್ವಿಚಾರಣಾ ಅವಧಿ ಇರುತ್ತದೆ, ಒಂದು ವರ್ಷ ಸರಿಯಾಗಿ ಕಳೆದ ಮೇಲೆ ಅದನ್ನು ಮೊಟಕುಗೊಳಿಸುವಂತೆ ಕೇಳಬಹುದು.

ಅಧ್ಯಕ್ಷರಿಂದ ಶಿಕ್ಷೆ ಇಳಿಕೆ ನಿರಾಕರಣೆಯಾದರೆ ಒಂದು ವರ್ಷ ಬಿಟ್ಟು ಮತ್ತೆ ಅರ್ಜಿ ಹಾಕಬಹುದು. ಅದೇ ಕಾಗದಗಳನ್ನು ದಿನಾಂಕ ಬದಲಿಸಿ ಕಳಿಸಬೇಡಿ. ಹೊಸದಾಗಿ ಬಹಿರಂಗವಾದ ದಾಖಲೆ, ಕಡತ ಬಲ್ಲ ಇನ್ನೊಬ್ಬರ ಪತ್ರ, ಬದಲಾದ ವೈದ್ಯಕೀಯ ಸ್ಥಿತಿ, ಇತ್ತೀಚೆಗೆ ಬೇರೊಬ್ಬನಿಗೆ ಅದೇ ಸೆಕ್ಷನ್‌ನಲ್ಲಿ ಆದ ಕಡಿಮೆ ಶಿಕ್ಷೆ, ಇವುಗಳಲ್ಲಿ ಒಂದಾದರೂ ಮೊದಲ ಪುಟದಲ್ಲಿರಲಿ.